ಬೆಳ್ಳಿಗೂ ಜಗ್ಗದ ಬ್ಯಾಕ್ಟೀರಿಯಾ ಇವೆಯಾ?

ಪ್ರಶ್ನೆ: ಬೆಳ್ಳಿ ಸೇರಿಸಿದ ಕಾಲುಚೀಲದ ಪ್ಯಾಕೆಟ್ ಮೇಲೆ ‘ಬ್ಯಾಕ್ಟೀರಿಯಾ ಇದಕ್ಕೆ ಎಂದೂ ಒಗ್ಗಿಕೊಳ್ಳುವುದಿಲ್ಲ’ ಅಂತ ಇತ್ತು. ನಿಜವೇ? ಸುಟ್ಟಗಾಯದ ಬೆಳ್ಳಿ ಮುಲಾಮು ಮುಂದೆ ಕೆಲಸ ಮಾಡದೇ ಹೋಗಬಹುದಾ?

ಉತ್ತರ: ಆ ಮಾತು ನಂಬಬೇಡಿ. ಬೆಳ್ಳಿಗೆ ಜಪ್ಪಯ್ಯ ಅಂದರೂ ಜಗ್ಗದ ಬ್ಯಾಕ್ಟೀರಿಯಾ ಸಿಕ್ಕಿ ಎಷ್ಟೋ ಕಾಲವಾಯಿತು. 1960ರ ದಶಕದಲ್ಲಿ ಸುಟ್ಟಗಾಯದ ಮೇಲೆ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿ ಲವಣದ ಶೇ. 0.5ರ ದ್ರಾವಣದಲ್ಲಿ ಅದ್ದಿದ ಬಟ್ಟೆ ಹಾಕುವ ಚಿಕಿತ್ಸೆ ಬಂತು. ಆದರೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಅದನ್ನೂ ತಡೆದುಕೊಂಡು ಹರಡಿತು, ಮೂವರು ಸತ್ತರು, ವಾರ್ಡನ್ನೇ ಮುಚ್ಚಬೇಕಾಯಿತು. ಇದು ವರದಿಯಾಗಿದ್ದು 1975ರಲ್ಲಿ.

ಕಾಲುಚೀಲದವರ ವಾದ ಪೂರ್ತಿ ಸುಳ್ಳೂ ಅಲ್ಲ. ಬೆಳ್ಳಿಯ ಅಯಾನು (ವಿದ್ಯುದಂಶ ಹೊತ್ತ ಬೆಳ್ಳಿಯ ಪರಮಾಣು) ಪ್ರೋಟೀನಿನಲ್ಲಿ ಗಂಧಕ ಇರುವ ಕಡೆಯೆಲ್ಲ ಅಂಟಿಕೊಳ್ಳುತ್ತದೆ, ಜೀವಕೋಶದ ಪೊರೆ ಕೆಡಿಸುತ್ತದೆ, ಉಸಿರಾಟದ ಕಿಣ್ವಗಳನ್ನು ನಿಲ್ಲಿಸುತ್ತದೆ. ಇಷ್ಟು ಕಡೆ ಒಟ್ಟಿಗೆ ಹೊಡೆತ ಬಿದ್ದರೆ ಎಲ್ಲವನ್ನೂ ರಿಪೇರಿ ಮಾಡಿಕೊಳ್ಳೋದು ಹೇಗೆ, ಅಲ್ವಾ? ಬ್ಯಾಕ್ಟೀರಿಯಾ ರಿಪೇರಿಗೇ ಹೋಗುವುದಿಲ್ಲ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವ ಹಾಗೆ ಬೆಳ್ಳಿಯನ್ನೇ ಹೊರಗೆ ಹಾಕುತ್ತದೆ. ಬಾಸ್ಟನ್ನಿನ ಆ ಸಾಲ್ಮೊನೆಲ್ಲಾದ ಜೀನ್‌ಗಳನ್ನು 1999ರಲ್ಲಿ ಬಿಡಿಸಿ ನೋಡಿದರು (ತಂಡದಲ್ಲಿದ್ದ ಒಬ್ಬರ ಹೆಸರು ಸೈಮನ್ ಸಿಲ್ವರ್, ಸರಿಯಾಗೇ ಹೊಂದಿದೆ ನೋಡಿ). ಒಂದು ಪ್ರೋಟೀನು ಬ್ಯಾಕ್ಟೀರಿಯಾದ ಒಳ, ಹೊರ ಪೊರೆಗಳ ನಡುವೆ ಕಾದಿದ್ದು ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಎರಡು ಪಂಪುಗಳು ಒಳಗಿನದನ್ನು ಆಚೆ ತಳ್ಳುತ್ತವೆ.

ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ಈ ಜೀನ್‌ಗಳು ಇದ್ದ ಜಾಗ. ಅವು ಇದ್ದದ್ದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ನಲ್ಲಿ (ಬ್ಯಾಕ್ಟೀರಿಯಾದೊಳಗೆ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರ), ಅದೇ ಪ್ಲಾಸ್ಮಿಡ್‌ನಲ್ಲಿ ಆಂಪಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನು ತಡೆಯುವ ಜೀನ್‌ಗಳೂ ಇದ್ದವು. ಅಂದರೆ ಬೆಳ್ಳಿ ಸುರಿದಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ತಳಿಗೂ ಅನುಕೂಲವಾಗಬಹುದು. ಎಂಟರೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳಲ್ಲಿ ಈ ಜೀನ್‌ಗಳು ಎಷ್ಟೋ ಸಲ ಸುಮ್ನೆ ಮಲಗಿರುತ್ತವೆ, ಒಂದೇ ಒಂದು ಮ್ಯುಟೇಶನ್ (ಜೀನ್‌ನಲ್ಲಿ ಬದಲಾವಣೆ) ಆದರೆ ಸಾಕು, ಎದ್ದು ಕೂರುತ್ತವೆ.

ನ್ಯಾನೋ ಬೆಳ್ಳಿಯ, ಅಂದರೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳ ಕಥೆ ಇನ್ನೂ ಮಜವಾಗಿದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಮತ್ತೆ ಮತ್ತೆ ನ್ಯಾನೋ ಬೆಳ್ಳಿ ಕೊಟ್ಟರು. ಅದು ತನ್ನ ಬಾಲದ ಪ್ರೋಟೀನನ್ನೇ ಹೊರಗೆ ಬಿಟ್ಟಿತು, ಕಣಗಳು ಒಂದಕ್ಕೊಂದು ಅಂಟಿ ಗಂಟಾದವು, ಬೆಳ್ಳಿಯ ಜೋರು ಇಳಿಯಿತು. ಜೀನ್ ಬದಲಾಗಿರಲೇ ಇಲ್ಲ! ದಾಳಿಂಬೆ ಸಿಪ್ಪೆಯ ಸಾರ ಹಾಕಿದಾಗ ಆ ಪ್ರೋಟೀನು ತಯಾರಾಗುವುದು ನಿಂತು ಬೆಳ್ಳಿ ಮತ್ತೆ ಕೆಲಸ ಮಾಡಿತು.

ಮುಲಾಮಿನ ವಿಷಯಕ್ಕೆ ಗಾಬರಿ ಬೇಡ. ಗಾಯದಲ್ಲಿ ಸಾಮಾನ್ಯವಾದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದಲ್ಲಿ ಬೆಳ್ಳಿ ನಿರೋಧಕತೆ ಅಪರೂಪ. ವೈದ್ಯರು ಕೊಟ್ಟಿದ್ದರೆ ಹಚ್ಚಿ, ಕೀವು ಕಡಿಮೆಯಾಗದಿದ್ದರೆ ಮತ್ತೆ ತೋರಿಸಿ. ಕಾಲುಚೀಲಕ್ಕೆ ಮಾತ್ರ ಬೆಳ್ಳಿ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ. ಒಗೆದಾಗ ಅದರಲ್ಲಿ ಒಂದಷ್ಟು ನೀರಿನ ಜೊತೆ ಚರಂಡಿಗೇ ಹೋಗುತ್ತದೆ.

ಪ್ರಶ್ನೆ: ಕೊಲಾಯ್ಡಲ್ ಸಿಲ್ವರ್ (ಬೆಳ್ಳಿಯ ಸೂಕ್ಷ್ಮ ಕಣಗಳು ತೇಲುವ ದ್ರವ) ಕುಡಿದರೆ ಸೋಂಕು ತಗ್ಗುತ್ತದಾ?

ಉತ್ತರ: ಇಲ್ಲ, ಕುಡಿಯಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಇದನ್ನು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಹೇಳಿದೆ. ತುಂಬಾ ದಿನ ಕುಡಿದರೆ ಚರ್ಮದಲ್ಲಿ ಬೆಳ್ಳಿ ಕೂತು ಮೈ ನೀಲಿ ಬೂದು ಬಣ್ಣಕ್ಕೆ ತಿರುಗಬಹುದು. ಕುಡಿಯುವುದು ಬಿಟ್ಟರೂ ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ.