ಅಪ್ಪನ ಕಾಲದ ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತಿಲ್ಲ, ಮನೆಯಲ್ಲೇ ರಿಪೇರಿ ಮಾಡಬಹುದಾ?

ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯಲ್ಲ ಅಂದಿದ್ದೀರಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ. ಹೊಗೆಯೇ ಇಲ್ಲವಾದರೆ ತಲುಪುತ್ತಿಲ್ಲ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಗೆ ಜಾಸ್ತಿ ಆಗುವುದು ಇದೇ, ಡೀಸೆಲ್ ಲೈನಿನಲ್ಲಿ ಏರ್ (ಗಾಳಿ) ಹಿಡಿದಿರುತ್ತದೆ. ಅದನ್ನು ನೀವೇ ತೆಗೆಯಬಹುದು.

ಮೊದಲು ಟ್ಯಾಂಕಿನ ಕಾಕ್ ತೆರೆದಿದೆಯಾ, ಇಂಜಿನ್ ಆಫ್ ಮಾಡುವ ಸ್ಟಾಪ್ ನಾಬ್ ಎಳೆದೇ ಉಳಿದಿದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪನ್ನು ಕೈಯಲ್ಲಿ ಒತ್ತುತ್ತಾ ಹೋಗಿ. ಮೊದಲು ನೊರೆ ನೊರೆಯಾಗಿ ಬರುತ್ತದೆ. ಗುಳ್ಳೆ ನಿಂತು ಒಂದೇ ಧಾರೆ ಬಂದಾಗ, ಒತ್ತುತ್ತಲೇ ಬಿಗಿ ಮಾಡಿ. ಇಂಜೆಕ್ಟರ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂಗೂ ಹೀಗೇ. ಕೊನೆಗೆ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಹತ್ತಿರದ ಪೈಪ್ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಕೈ ಮಾತ್ರ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮ ತೂರುತ್ತದೆ, ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಮರುದಿನ ಮತ್ತೆ ಏರ್ ಹಿಡಿದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪ್, ವಾಷರ್‌ಗಳ ಮೇಲೆ ಅನುಮಾನ ಪಡಿ. ಅಲ್ಲಿ ಡೀಸೆಲ್ ಸೋರದೆಯೂ ಗಾಳಿ ಒಳಗೆ ಎಳೆಯುತ್ತದೆ. ಹೊಸ ತಾಮ್ರದ ವಾಷರ್ ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಿನ ಹಾಗಲ್ಲ, ತಾಮ್ರ ಮೆತ್ತಗಾಗಿ ಸರಿಯಾಗಿ ಕೂರುತ್ತದೆ.

ಇಂಜೆಕ್ಷನ್ ಪಂಪ್ ಮಾತ್ರ ಸುಮ್ನೆ ಬಿಚ್ಚಬೇಡಿ. ಅದನ್ನು ಸೆಟ್ ಮಾಡಲು ಟೆಸ್ಟ್ ಬೆಂಚ್ ಬೇಕು, ಪಂಪ್ ಸರ್ವಿಸ್‌ನವರಿಗೇ ಕೊಡಿ.