ಓದುಗರ ಪ್ರಶ್ನೆ: ವಿಗಲ್ಸ್‌ವರ್ತ್ ಅವರ ನಂಬಿಕೆ ಮತ್ತು ನಮ್ಮ ಮಾತ್ರೆಗಳು

ಪ್ರಶ್ನೆ: ನಮ್ಮ ಸಭೆಯ ಪ್ರಸಂಗಗಳಲ್ಲಿ ಸ್ಮಿತ್ ವಿಗಲ್ಸ್‌ವರ್ತ್ ಎಂಬ ಸುವಾರ್ತಿಕರ ಹೆಸರು ಪದೇಪದೇ ಬರುತ್ತದೆ. ಅವರಂಥ ನಂಬಿಕೆಯಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆಯೂ ಬೇಕಿಲ್ಲವೆಂದು ಕೆಲವರು ನನಗೆ ಹೇಳುತ್ತಿದ್ದಾರೆ. ಅವರು ಯಾರು? ಈ ಮಾತನ್ನು ಒಪ್ಪಬಹುದೇ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ವಿಗಲ್ಸ್‌ವರ್ತ್ 1859ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಮೆನ್‌ಸ್ಟನ್ ಎಂಬ ಊರಿನ ಬಡ ಮನೆಯಲ್ಲಿ ಹುಟ್ಟಿದರು. ಅಕ್ಷರ ಕಲಿಯಬೇಕಾದ ವಯಸ್ಸಿನಲ್ಲಿ ಹೊಲದಲ್ಲಿ ಗೆಡ್ಡೆ ಕಿತ್ತು, ಬಳಿಕ ಉಣ್ಣೆಯ ಗಿರಣಿಯಲ್ಲಿ ದುಡಿದು, ಮುಂದೆ ಕೊಳಾಯಿ ಕೆಲಸವನ್ನು ಕಸುಬಾಗಿಸಿಕೊಂಡವರು ಅವರು. ಓದಲು ಕಲಿಸಿದ್ದು ಪತ್ನಿ ಪಾಲಿ. 1882ರಲ್ಲಿ ಮದುವೆಯಾದ ಈ ದಂಪತಿ ಬ್ರಾಡ್‌ಫರ್ಡ್ ನಗರದ ಬೌಲೆಂಡ್ ಬೀದಿಯಲ್ಲಿ ಒಂದು ಸಣ್ಣ ಸಭೆ ನಡೆಸುತ್ತಿದ್ದರು. ಅಲ್ಲಿ ಪ್ರಸಂಗ ಮಾಡುತ್ತಿದ್ದವರು ಪಾಲಿಯೇ. ಗಂಡನಿಗೆ ನಾಲ್ಕು ಜನರ ಮುಂದೆ ನಿಂತರೆ ಮಾತೇ ಹೊರಡುತ್ತಿರಲಿಲ್ಲ. ಅವರ ಹೆಸರು ಹೇಳುವ ಪ್ರಸಂಗಕರು ಈ ಹೆಣ್ಣುಮಗಳನ್ನು ಮರೆತುಬಿಡುವುದು ನನಗೆ ಸರಿಕಾಣದು.

1907ರಲ್ಲಿ ವಿಗಲ್ಸ್‌ವರ್ತ್ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ಗೆ ಹೋದರು. ಅಲ್ಲಿ ಆಂಗ್ಲಿಕನ್ ಗುರು ಅಲೆಕ್ಸಾಂಡರ್ ಬಾಡಿ ಅವರ ಪತ್ನಿ ಮೇರಿ ಕೈಯಿಟ್ಟು ಪ್ರಾರ್ಥಿಸಿದಾಗ ತಾವು ಪವಿತ್ರಾತ್ಮನ ದೀಕ್ಷಾಸ್ನಾನ (ದೇವರ ಆತ್ಮ ತಮ್ಮನ್ನು ತುಂಬಿದ ಅನುಭವ) ಹೊಂದಿ ಅನ್ಯಭಾಷೆಯಲ್ಲಿ, ಅಂದರೆ ತಾವು ಕಲಿಯದ ಭಾಷೆಯಲ್ಲಿ, ಮಾತನಾಡಿದ್ದಾಗಿ ಅವರು ಸಾಕ್ಷಿ ಹೇಳಿದರು. ಊರಿಗೆ ಮರಳಿ ಪ್ರಸಂಗಪೀಠ ಹತ್ತಿದವರನ್ನು ಕಂಡು ಪಾಲಿಯೇ ಬೆರಗಾದರಂತೆ. ಆಕೆ 1913ರಲ್ಲಿ ತೀರಿಕೊಂಡರು. ಅದರ ನಂತರದ ವರ್ಷಗಳಲ್ಲಿ ಅವರು ಅಮೆರಿಕ, ಸ್ವೀಡನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್, ದಕ್ಷಿಣ ಆಫ್ರಿಕಾಗಳಲ್ಲಿ ಸಾವಿರಾರು ಜನರ ಕೂಟಗಳನ್ನು ನಡೆಸಿದರು. ರೋಗಿಗೆ ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂಬ, ಬೈಬಲಿನ ಯಾಕೋಬನ ಪತ್ರಿಕೆಯ ಮಾತನ್ನು ಅವರು ಅಕ್ಷರಶಃ ಹಿಡಿದವರು. ರೋಗವನ್ನು ಸೈತಾನನ ಕೆಲಸವೆಂದೇ ಭಾವಿಸಿ, ನೋವಿರುವ ಹೊಟ್ಟೆಗೇ ಗುದ್ದಿದ ಘಟನೆಗಳೂ ಅವರ ಜೀವನಚರಿತ್ರೆಗಳಲ್ಲಿವೆ. ಇಂದು ಯಾರಾದರೂ ಹಾಗೆ ಮಾಡಲು ಬಂದರೆ ದಯವಿಟ್ಟು ದೂರ ಸರಿಯಿರಿ.

ಅವರ ಕೂಟಗಳಲ್ಲಿ ಗುಣವಾದೆವೆಂದು ಹೇಳಿದವರು ಬಹಳ ಮಂದಿ. ಆದರೆ ನಮಗೆ ಉಳಿದಿರುವುದು ಹೆಚ್ಚಾಗಿ ಸಾಕ್ಷಿಗಳೇ ಹೊರತು ವೈದ್ಯಕೀಯ ದಾಖಲೆಗಳಲ್ಲ ಎಂಬುದನ್ನು ವಿಶ್ವಾಸಿಗಳೂ ಮರೆಯಬಾರದು.

ನಿಮ್ಮ ಪ್ರಶ್ನೆಯ ತಿರುಳು ಅವರ ಸ್ವಂತ ಮನೆಯಲ್ಲಿದೆ. ಪ್ರವಾಸಗಳಲ್ಲಿ ಜೊತೆಗಿದ್ದು ನೆರವಾಗುತ್ತಿದ್ದ ಮಗಳು ಆಲಿಸ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಂದೆ ಎಷ್ಟು ಪ್ರಾರ್ಥಿಸಿದರೂ ಆ ತೊಂದರೆ ಹೋಗಲಿಲ್ಲ. 1930ರ ದಶಕದ ಆರಂಭದಲ್ಲಿ ವಿಗಲ್ಸ್‌ವರ್ತ್ ಅವರಿಗೇ ಮೂತ್ರಪಿಂಡದಲ್ಲಿ ಕಲ್ಲುಗಳಾದವು. ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸಿದರೂ ಒಪ್ಪದೆ, ವರ್ಷಗಳ ಕಾಲ ರಕ್ತಸ್ರಾವ ಮತ್ತು ಭಯಂಕರ ನೋವನ್ನು ಸಹಿಸಿಕೊಂಡು, ಕೂಟದಿಂದ ಕೂಟಕ್ಕೆ ಹೋಗಿ ಇತರರಿಗಾಗಿ ಪ್ರಾರ್ಥಿಸುತ್ತಲೇ ಇದ್ದರು. ಅವರ ಬದುಕಿನಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಈ ಭಾಗವನ್ನೇ, ಏಕೆಂದರೆ ಫಲ ಕಾಣದಿದ್ದಾಗಲೂ ಆ ನಂಬಿಕೆ ಅಲುಗಲಿಲ್ಲ. ಹಾಗೆಂದು ಆ ನಿರಾಕರಣೆ ಎಲ್ಲರಿಗೂ ವಿಧಿಯಾಗುವುದಿಲ್ಲ. ಅದು ಅವರು ದೇವರ ಮುಂದೆ ತಾವಾಗಿ ಮಾಡಿಕೊಂಡ ನಿಶ್ಚಯ, ಅದರ ನೋವನ್ನು ತಿಂದವರೂ ಅವರೇ. ಅವರು 1947ರ ಮಾರ್ಚ್‌ನಲ್ಲಿ, 87ನೆಯ ವಯಸ್ಸಿನಲ್ಲಿ, ವೇಕ್‌ಫೀಲ್ಡ್‌ನಲ್ಲಿ ಗೆಳೆಯರೊಬ್ಬರ ಅಂತ್ಯಕ್ರಿಯೆಗೆ ಬಂದಾಗ ಅಲ್ಲಿಯೇ ಕುಸಿದು ತೀರಿಕೊಂಡರು.

ಬೈಬಲನ್ನೇ ನೋಡಿ: ಅಸ್ವಸ್ಥನಾಗಿದ್ದ ಸಂಗಡಿಗ ತ್ರೊಫಿಮನನ್ನು ಮಿಲೇತ ಎಂಬ ಊರಿನಲ್ಲಿ ಬಿಟ್ಟುಬಂದೆನೆಂದು ಅಪೊಸ್ತಲ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿದೆ. ಅಲ್ಲಿ ತ್ರೊಫಿಮನ ನಂಬಿಕೆ ಕಡಿಮೆಯಿತ್ತೆಂಬ ಆಕ್ಷೇಪವಿಲ್ಲ. ಪೌಲನ ಜೊತೆಗಿದ್ದ ಲೂಕನು ವೈದ್ಯ. ಆದ್ದರಿಂದ ನೀವು ಪ್ರಾರ್ಥನೆಯನ್ನೂ ಬಿಡಬೇಕಿಲ್ಲ, ಮಾತ್ರೆಯನ್ನೂ ಬಿಡಬೇಕಿಲ್ಲ. ನಿಮಗೆ ಗುಣವಾಗಿದೆಯೆಂದು ಸಭೆಯಲ್ಲಿ ಯಾರಾದರೂ ಘೋಷಿಸಿದರೂ, ಮೊದಲು ರಕ್ತಪರೀಕ್ಷೆ ಮಾಡಿಸಿ ಅದರ ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಮಾತ್ರೆ ಕಡಿಮೆ ಮಾಡುವ ವಿಚಾರವನ್ನು ಅವರೇ ಹೇಳಲಿ.