ಬ್ಯಾಟರಿ ಹಸಿದಿದೆಯೋ, ಮುಗಿದಿದೆಯೋ?

ಪ್ರಶ್ನೆ: ಮಗ ಬೆಂಗಳೂರಿನಲ್ಲಿದ್ದಾನೆ. ಕಾರು ನಮ್ಮ ಮನೆಯ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತಿರುತ್ತದೆ. ನಾನು ಹೊರತೆಗೆದರೆ ಸೂಪರ್ ಮಾರ್ಕೆಟ್‌ವರೆಗೆ, ಇಲ್ಲವೇ ಶರಣಬಸವೇಶ್ವರ ಗುಡಿಯವರೆಗೆ, ಅಷ್ಟೇ. ಈ ಬೇಸಿಗೆಯಲ್ಲಿ ಎರಡು ಸಲ ಸೆಲ್ಫ್ ಹೊಡೆಯಲಿಲ್ಲ. ಮೀಟರ್ ಇಟ್ಟರೆ 11.9 ವೋಲ್ಟ್. ಬ್ಯಾಟರಿ 35 ಆಂಪಿಯರ್ ಅವರ್‌ನದು, ಹಾಕಿಸಿ ಎರಡು ವರ್ಷ ನಾಲ್ಕು ತಿಂಗಳಾಗಿದೆ. ಅಂಗಡಿಯವರು ನಿಂತಲ್ಲೇ ಪರೀಕ್ಷಿಸಿ ‘ಹೋಗಿದೆ, ಹೊಸದು ಹಾಕಿಸಿ’ ಎಂದರು. ಮಗ ‘ಚಾರ್ಜರ್ ತಂದರೆ ಸಾಕು’ ಎನ್ನುತ್ತಾನೆ. 1, 4 ಮತ್ತು 20 ಆಂಪಿಯರ್‌ನ ಮೂರು ಚಾರ್ಜರ್ ನೋಡಿಟ್ಟಿದ್ದೇನೆ. ಯಾವುದನ್ನು ಕೊಳ್ಳಲಿ?
— ನಿವೃತ್ತ ಶಿಕ್ಷಕರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಸರ್, ಅಂಗಡಿಯವರ ಮಾತು ನಿಜವೂ ಇರಬಹುದು. ಆದರೆ ಅವರು ಪರೀಕ್ಷಿಸಿದ ರೀತಿ ಸರಿಯಲ್ಲ. ಮೂರು ದಿನ ಉಪವಾಸವಿದ್ದವನ ಹೆಗಲಿಗೆ ತೊಗರಿ ಚೀಲ ಹೊರಿಸಿ ‘ಇವನಲ್ಲಿ ತ್ರಾಣವಿಲ್ಲ’ ಎಂದರೆ ಹೇಗೆ? ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ, ಅರ್ಧ ತುಂಬಿದ್ದರೆ ಸುಮಾರು 12.2. ನಿಮ್ಮ 11.9 ಎಂದರೆ ಅದು ಹೆಚ್ಚುಕಡಿಮೆ ಬರಿದಾಗಿದೆ. ಬರಿದಾದದ್ದು ಸತ್ತಿದೆ ಎಂದು ಹೇಳಲು ಬರುವುದಿಲ್ಲ.

ಬರಿದಾದದ್ದು ಏಕೆ ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ. ಬೀಗ ಹಾಕಿದ ಕಾರೂ ಸುಮ್ಮನಿರುವುದಿಲ್ಲ. ಗಡಿಯಾರ, ಅಲಾರಂ, ರಿಮೋಟ್ ಲಾಕ್ ಸದಾ ಒಂದಿಷ್ಟು ಕರೆಂಟ್ ತಿನ್ನುತ್ತಿರುತ್ತವೆ. 50 ಮಿಲಿ ಆಂಪಿಯರ್‌ವರೆಗೆ ಅದನ್ನು ದೋಷ ಎನ್ನುವುದಿಲ್ಲ. ಆದರೂ ಲೆಕ್ಕ ಹಾಕಿ: ದಿನಕ್ಕೆ 1.2 ಆಂಪಿಯರ್ ಅವರ್, ಇಪ್ಪತ್ತು ದಿನಕ್ಕೆ 24. ನಿಮ್ಮಲ್ಲಿರುವುದೇ 35! ಗುಡಿಯವರೆಗೆ ಹೋಗಿ ಬಂದರೆ ಸೆಲ್ಫ್ ಹೊಡೆಯಲು ಖರ್ಚಾದದ್ದು ಮರಳೀತು, ಹಳೆಯ ಸಾಲ ತೀರುವುದಿಲ್ಲ.

ಹೀಗೆ ಬರಿದಾಗಿ ನಿಲ್ಲುವುದರಿಂದಲೇ ಬ್ಯಾಟರಿ ಕೆಡುವುದೂ ಉಂಟು. ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಬಲಿತರೆ ಯಾವ ಚಾರ್ಜರೂ ಬಿಡಿಸಲಾರದು. ಜೊತೆಗೆ ನಮ್ಮ ಬಿಸಿಲು. ಛಳಿಗೆ ಬ್ಯಾಟರಿ ಸೋಮಾರಿಯಾಗುತ್ತದೆ, ಬಿಸಿಲಿಗೆ ಸವೆಯುತ್ತದೆ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್, ಮೇ ಕಳೆದ ಬ್ಯಾಟರಿಯ ಮೇಲೆ ನಾನಂತೂ ಪೂರ್ತಿ ಭರವಸೆ ಇಡುವುದಿಲ್ಲ.

ಆದ್ದರಿಂದ ಮೊದಲು ತುಂಬಿಸಿ, ಆಮೇಲೆ ಪರೀಕ್ಷಿಸಿ. ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟ್ ಎಂಬುದು ಹಳೆಯ ಲೆಕ್ಕ, ಇಂದಿಗೂ ಸರಿ. 35ಕ್ಕೆ 4 ಆಂಪಿಯರ್‌ನ ಚಾರ್ಜರ್ ಒಪ್ಪುತ್ತದೆ. ಸಂಜೆ ಹಚ್ಚಿದರೆ ಬೆಳಗಿನ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ರಾತ್ರಿಯ ತಂಪೂ ಸಿಗುತ್ತದೆ. 20 ಆಂಪಿಯರ್‌ನದು ಗ್ಯಾರೇಜಿನವರಿಗೆ ಇರಲಿ. ಸಣ್ಣ ಬ್ಯಾಟರಿಗೆ ಅದನ್ನು ಹಚ್ಚಿ ಮರೆತರೆ ಒಳಗಿನ ನೀರು ಕುದಿದು, ಕೊಳೆತ ಮೊಟ್ಟೆಯ ವಾಸನೆ ಬಂದ ಮೇಲೆಯೇ ನೆನಪಾಗುವುದು. 1 ಆಂಪಿಯರ್‌ನದು ತುಂಬಿದ್ದನ್ನು ಕಾಯ್ದುಕೊಳ್ಳಲು ಒಳ್ಳೆಯದು, ಬರಿದಾದದ್ದನ್ನು ತುಂಬಿಸಲು ಒಂದು ದಿನಕ್ಕೂ ಮಿಕ್ಕಿ ಹಿಡಿಯುತ್ತದೆ.

ಕೊಳ್ಳುವಾಗ ಆಂಪಿಯರ್ ಒಂದನ್ನೇ ನೋಡಬೇಡಿ. ತುಂಬಿದ ಮೇಲೆ ತಾನೇ ಸುಮಾರು 13.5 ವೋಲ್ಟಿಗೆ ಇಳಿದು ನಿಲ್ಲುವಂತಿರಬೇಕು. ಕ್ಲಿಪ್ ತಿರುವುಮುರುವಾದರೆ ಸುಡಬಾರದು. ಇನ್ನೊಂದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಕರೆಂಟ್ ಹೋಗಿ ಬಂದಾಗ ತಾನಾಗಿ ಮತ್ತೆ ಶುರುವಾಗುತ್ತದೆಯೇ ಎಂದು ಕೇಳಿ. ಕೆಲವು ಚಾರ್ಜರ್‌ಗಳು ಮತ್ತೆ ಬಟನ್ ಒತ್ತುವವರೆಗೂ ಸುಮ್ಮನೆ ಕುಳಿತಿರುತ್ತವೆ. ಸಿಗ್ನಲ್‌ನಲ್ಲಿ ತಾನೇ ಬಂದ್ ಆಗುವ ಎಂಜಿನ್‌ನ ಕಾರಾದರೆ ಅದರಲ್ಲಿ ಎಜಿಎಂ ಬ್ಯಾಟರಿ (ಆ್ಯಸಿಡ್ ಅನ್ನು ಗಾಜಿನ ನಾರಿನ ಹಾಳೆ ಹೀರಿಟ್ಟುಕೊಂಡಿರುವ ಬಗೆ) ಇರಬಹುದು, ಅದಕ್ಕೆ ಹೊಂದುವ ಸೆಟ್ಟಿಂಗ್ ಚಾರ್ಜರ್‌ನಲ್ಲಿ ಇರಬೇಕು.

ಹಚ್ಚುವಾಗ ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರದ ಎಂಜಿನ್ ಲೋಹಕ್ಕೆ, ಆಮೇಲಷ್ಟೇ ಗೋಡೆಯ ಸ್ವಿಚ್. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಶೆಡ್ಡಿನ ಬಾಗಿಲು ತೆರೆದಿರಲಿ, ಬೀಡಿ, ಊದುಬತ್ತಿ ಹತ್ತಿರ ಬೇಡ. ಬ್ಯಾಟರಿಯನ್ನು ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂದು ಇಲ್ಲಿ ಬಹಳ ಜನ ನಂಬಿದ್ದಾರೆ, ಇಳಿಯುವುದಿಲ್ಲ. ಆದರೂ ಶಹಾಬಾದ್ ಕಲ್ಲಿನ ಮೇಲೆ ನೇರವಾಗಿ ಇಡಬೇಡಿ. ಅದು ಸುಣ್ಣದ ಕಲ್ಲು. ಒಮ್ಮೆ ನಮ್ಮ ಪಡಸಾಲೆಯಲ್ಲಿ ನಾಲ್ಕು ಹನಿ ಆ್ಯಸಿಡ್ ಬಿತ್ತು. ಚುಸ್ಸೆಂದು ನೊರೆಯೆದ್ದ ಜಾಗದಲ್ಲಿ ಇಂದಿಗೂ ರೂಪಾಯಿಯಗಲದ ಬಿಳಿ ಕಲೆಯಿದೆ. ಮನೆಯವರು ಅದರ ಮೇಲೆ ತುಳಸಿಯ ಕುಂಡ ಇಟ್ಟಿದ್ದಾರೆ.

ಈಗ ಪರೀಕ್ಷೆ. ಪೂರ್ತಿ ತುಂಬಿದ ಮೇಲೆ ಚಾರ್ಜರ್ ತೆಗೆದು, ಹೆಡ್‌ಲೈಟ್ ಎರಡು ನಿಮಿಷ ಹಚ್ಚಿ ಆರಿಸಿ. ಮೇಲುಮೇಲಿನ ಚಾರ್ಜ್ ಹಾಗೆ ಇಳಿಯುತ್ತದೆ. ಒಂದು ರಾತ್ರಿ ಬಿಟ್ಟು ಬಾನೆಟ್ ಎತ್ತಿ ಮೀಟರ್ ಇಡಿ. 12.6ರ ಆಸುಪಾಸು ನಿಂತಿದ್ದರೆ ಸಮಾಧಾನ. 12.4ಕ್ಕಿಂತ ಕೆಳಗೆ ಜಾರಿದ್ದರೆ ಹಿಡಿದಿಡುವ ಶಕ್ತಿ ಹೋಗಿದೆ, ಇಲ್ಲವೇ ಏನೋ ಕದ್ದು ತಿನ್ನುತ್ತಿದೆ. ಯಾವುದೆಂದು ತಿಳಿಯಲು ಮತ್ತೆ ತುಂಬಿಸಿ, ಮೈನಸ್ ಕೇಬಲ್ ಬಿಚ್ಚಿಟ್ಟು ನೋಡಿ. ಆಗಲೂ ಜಾರಿದರೆ ದೋಷ ಬ್ಯಾಟರಿಯದೇ. 10.5ರ ಸುತ್ತ ಬಂದು ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ.

ಕೇಬಲ್ ಮತ್ತೆ ಜೋಡಿಸಿ, ಮೊಮ್ಮಗನನ್ನೋ ಪಕ್ಕದ ಮನೆಯವರನ್ನೋ ಕರೆದು ಕೀ ತಿರುಗಿಸಲು ಹೇಳಿ. ನಿಮ್ಮ ಕಣ್ಣು ಮೀಟರ್ ಮೇಲಿರಲಿ. ಸೆಲ್ಫ್ ತಿರುಗುವಾಗ ವೋಲ್ಟೇಜ್ ಕುಸಿಯುವುದು ಸಹಜ. ಆದರೆ ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗೆ ಹೋದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಿರಿ. ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. 12ರಲ್ಲೇ ಉಳಿದರೆ ಆಲ್ಟರ್ನೇಟರ್, ಅಂದರೆ ಓಡುವ ಎಂಜಿನ್‌ನಿಂದ ಬ್ಯಾಟರಿ ತುಂಬಿಸುವ ಯಂತ್ರ, ಅದನ್ನು ಮೆಕ್ಯಾನಿಕ್‌ಗೆ ತೋರಿಸಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಇದಕ್ಕೆಲ್ಲ ಮೊದಲೇ ಉಜ್ಜಿ ತೆಗೆಯಿರಿ.

ಬ್ಯಾಟರಿಯೇ ಸೋತರೆ ಹೊಸದಕ್ಕೆ ಹಣ ಕೊಡುವ ಮೊದಲು ವಾರಂಟಿ ಕಾರ್ಡ್ ಹುಡುಕಿ. ಎರಡು ವರ್ಷ ನಾಲ್ಕು ತಿಂಗಳು ಇನ್ನೂ ಅವಧಿಯೊಳಗೇ ಇರಬಹುದು. ಚಾರ್ಜರ್ ಮಾತ್ರ ಹೇಗಿದ್ದರೂ ಬೇಕು. ನಿಂತೇ ಇರುವ ಕಾರಿನಲ್ಲಿ ಹೊಸ ಬ್ಯಾಟರಿಗೂ ಇದೇ ಗತಿ.

ಪ್ರಶ್ನೆ: ಬ್ಯಾಟರಿಗೆ ಮನೆಯ ಆರ್‌ಒ ನೀರು ಹಾಕಬಹುದೇ?
— ಓದುಗರು, ಯಾದಗಿರಿ

ಉತ್ತರ: ಬೇಡ. ಅದರಲ್ಲೂ ಲವಣ ಉಳಿದಿರುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಬೇಡ, ದೂಳು ಮತ್ತು ಲೋಹದ ಅಂಶ ಸೇರಿರುತ್ತದೆ. ಬಟ್ಟಿ ಇಳಿಸಿದ ನೀರೇ ಬೇಕು, ಆ್ಯಸಿಡ್ ಅಂತೂ ಎಂದೂ ಸೇರಿಸಬಾರದು. ಪ್ಲೇಟು ಮುಳುಗುವಷ್ಟು ಇದ್ದರೆ ಚಾರ್ಜ್ ಮುಗಿದ ಮೇಲೆ ಗುರುತಿನವರೆಗೆ ತುಂಬಿ; ಮೊದಲೇ ತುಂಬಿದರೆ ಉಕ್ಕಿ ಹೊರಬರುತ್ತದೆ.